ರೊಟ್ಟಿ ಬಿಡಬೇಕೇನ್ರೀ?

ಓದುಗರ ಪ್ರಶ್ನೆ, ಆಹಾರ ತಜ್ಞರ ಉತ್ತರ. ತೂಕ ಇಳಿಸಬೇಕೆಂದು ಈಗಷ್ಟೇ ಹೊರಟವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬರೆದ ಪತ್ರಗಳಿಗೆ ಈ ಸಲದ ಪುಟ ಮೀಸಲು. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಅದಕ್ಕೆ ಊರು-ಉದ್ಯೋಗ ಮಾತ್ರ ಕೊಟ್ಟಿದ್ದೇವೆ. ಉತ್ತರಗಳಲ್ಲಿ ಬಟ್ಟಲು ಎಂದರೆ 150 ಮಿ.ಲೀ. ಹಿಡಿಯುವ ಸಾರಿನ ಬಟ್ಟಲು. ಚಮಚ ಎಂದರೆ 5 ಮಿ.ಲೀ.ನ ಚಹಾ ಚಮಚ, ಮೇಲೆ ಗೋಪುರ ಏಳದಂತೆ ಸವರಿ ಅಳೆದದ್ದು.

ಪ್ರಶ್ನೆ: ನನಗ 41 ವಯಸ್ಸು, ಎತ್ತರ 5 ಅಡಿ 1 ಇಂಚು, ತೂಕ 74 ಕಿಲೋ. ರೊಟ್ಟಿ ಬಿಟ್ಟು ಓಟ್ಸ್ ತಿನ್ನು ಅಂತ ಎಲ್ಲಾರೂ ಹೇಳಾಕತ್ತಾರ್ರೀ. ಮುಂಜಾನೆ ಓಟ್ಸ್ ಕುಡದ್ರ ಹನ್ನೊಂದಕ್ಕ ಹೊಟ್ಟಿ ತಾಳ ಹಾಕ್ತೈತಿ, ಆಮ್ಯಾಲ ಕೈಗೆ ಸಿಕ್ಕಿದ್ದು ತಿನ್ನೂದ. ನಮ್ಮ ಮನ್ಯಾಗ ಮೂರೂ ಹೊತ್ತು ರೊಟ್ಟೀನ. ಬಿಡಲೇಬೇಕೇನ್ರೀ?
– ಗೃಹಿಣಿ, ಜಮಖಂಡಿ

ಉತ್ತರ: ಬಿಡಬೇಡಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 335 ಕ್ಯಾಲರಿ, 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇದೆ. ಓಟ್ಸಿನಲ್ಲಿ ಪ್ರೋಟೀನು ತುಸು ಹೆಚ್ಚು, ಕ್ಯಾಲರಿಯೂ ಹೆಚ್ಚು, ನಾರು ಹೆಚ್ಚುಕಡಿಮೆ ಅಷ್ಟೇ. ನಿಮಗೆ ಹನ್ನೊಂದಕ್ಕೇ ಹಸಿವಾಗುವುದು ಸಹಜ. 30 ಗ್ರಾಂ ಓಟ್ಸನ್ನು ನೀರಿನಲ್ಲಿ ಕುದಿಸಿ ಕುಡಿದರೆ ಸಿಗುವುದು 115 ಕ್ಯಾಲರಿ, ಅದು ಗಂಜಿ, ಊಟವಲ್ಲ.

ತಪ್ಪು ರೊಟ್ಟಿಯದಲ್ಲ, ಅದರ ಅಳತೆಯದು, ಅದಕ್ಕಿಂತ ಹೆಚ್ಚಾಗಿ ರೊಟ್ಟಿಯ ಪಕ್ಕ ಕೂರುವ ಪದಾರ್ಥಗಳದು. ಮೊದಲು ಒಂದು ಕೆಲಸ ಮಾಡಿ. ಒಂದು ಕಿಲೋ ಹಿಟ್ಟನ್ನು ಬೇರೆ ಡಬ್ಬಿಗೆ ತೆಗೆದಿಟ್ಟು, ಅದು ಮುಗಿಯುವವರೆಗೆ ಎಷ್ಟು ರೊಟ್ಟಿ ಬಡಿದಿರಿ ಎಂದು ಎಣಿಸಿ. 20 ಆದರೆ ಒಂದಕ್ಕೆ 50 ಗ್ರಾಂ ಹಿಟ್ಟು, ಅಂದರೆ 170 ಕ್ಯಾಲರಿ. 14 ಆದರೆ ಒಂದಕ್ಕೆ 70 ಗ್ರಾಂ, 240 ಕ್ಯಾಲರಿ. 'ನಾನು ಮೂರೇ ರೊಟ್ಟಿ ತಿನ್ನೂದು' ಎನ್ನುವ ಇಬ್ಬರ ನಡುವೆ ಒಂದೇ ಊಟಕ್ಕೆ 200 ಕ್ಯಾಲರಿ ಅಂತರ ಬರುವುದು ಹೀಗೆ. ಖಡಕ್ ರೊಟ್ಟಿ ಇನ್ನೂ ಮೋಸದ್ದು. ಕಿಲೋಕ್ಕೆ ಸುಮಾರು 30 ಆಗುತ್ತವೆ, ಒಂದೊಂದು 110 ಕ್ಯಾಲರಿ. ನೀರಿನ ಅಂಶವೆಲ್ಲ ಹೋಗಿರುವುದರಿಂದ ಹೊಟ್ಟೆಗೆ ಹಗುರ, ಮುರಿಮುರಿದು ತಿನ್ನುವಾಗ ನಾಲ್ಕೈದು ಹೋದದ್ದು ಗೊತ್ತೇ ಆಗುವುದಿಲ್ಲ.

ಈಗ ತಾಟಿನ ಉಳಿದ ಭಾಗ ನೋಡಿ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿ ಪುಡಿ, ಒಂದು ಚಮಚಕ್ಕೆ 25-30 ಕ್ಯಾಲರಿ. ನಾಲ್ಕು ಚಮಚ ಹಾಕಿಕೊಂಡು ನಡುವೆ ಗುಂಡಿ ಮಾಡಿ ಎರಡು ಚಮಚ ಹಸಿ ಎಣ್ಣೆ ಸುರಿದರೆ 200ರ ಹತ್ತಿರ ಬಂತು. ಹಿಂಡಿ ಕೆಟ್ಟದ್ದಲ್ಲ, ಆದರೆ ಅದು ಪಲ್ಲೆಯ ಜಾಗದಲ್ಲಿ ಕೂರಬಾರದು. ಒಂದು ಚಮಚ ಹಿಂಡಿಯನ್ನು ಎಣ್ಣೆಯ ಬದಲು ಎರಡು ಚಮಚ ಮೊಸರಿನಲ್ಲಿ ಕಲಸಿಕೊಳ್ಳಿ.

ಮಧ್ಯಾಹ್ನಕ್ಕೆ 50 ಗ್ರಾಂ ಹಿಟ್ಟಿನ ಎರಡು ರೊಟ್ಟಿ, ಒಂದು ಬಟ್ಟಲು ಕಾಳುಪಲ್ಲೆ, ಒಂದು ಬಟ್ಟಲು ತುಂಬ ಮೆಂತೆ, ಪುಂಡಿ ಅಥವಾ ರಾಜಗಿರಿ ಪಲ್ಲೆ, ಸವತಿಕಾಯಿ-ಮೂಲಂಗಿ-ಉಳ್ಳಾಗಡ್ಡಿ ಪಚಡಿ, ಒಂದು ಲೋಟ ನೀರು ಮಜ್ಜಿಗೆ. ಇಷ್ಟಕ್ಕೆ ಸುಮಾರು 600 ಕ್ಯಾಲರಿ. 70 ಗ್ರಾಂನ ಮೂರು ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಎಣ್ಣೆ ಹಾಕಿದ ಹಿಂಡಿ ಇದ್ದ ತಾಟು ಇದರ ಹತ್ತಿರಹತ್ತಿರ ಎರಡರಷ್ಟು. ಪಚಡಿಯನ್ನು ರೊಟ್ಟಿಗೆ ಕೈ ಹಾಕುವ ಮೊದಲೇ ಅರ್ಧ ತಿಂದು ಮುಗಿಸಿ. ಮೂರನೆಯ ರೊಟ್ಟಿಯ ಆಸೆ ಅಲ್ಲೇ ಕಡಿಮೆಯಾಗುತ್ತದೆ. ಹಕ್ಕರಿಕಿ ಸೊಪ್ಪು ಸಿಗುವ ದಿನಗಳಲ್ಲಿ ತೊಳೆದು ಹಸಿಯಾಗಿಯೇ ತಿನ್ನಿ.

ಮುಂಜಾನೆ ಒಂದು ರೊಟ್ಟಿಗೆ ಗಟ್ಟಿ ಝುಣಕ ಅಥವಾ ಮೊಳಕೆ ಕಾಳು, ರಾತ್ರಿ ಒಂದೂವರೆ ರೊಟ್ಟಿ ಸಾಕು. ದಿನದ ಒಟ್ಟು 1,400-1,500 ಕ್ಯಾಲರಿಗೆ ನಿಲ್ಲುತ್ತದೆ. ವೈದ್ಯರ ನಿಗಾ ಇಲ್ಲದೆ 1,200ಕ್ಕಿಂತ ಕೆಳಗೆ ಇಳಿಯಬೇಡಿ. ನಿಮ್ಮ ಮೊದಲ ಗುರಿ 55 ಕಿಲೋ ಅಲ್ಲ, 70. ಇರುವ ತೂಕದ ಶೇ 5ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಎರಡರಲ್ಲೂ ವ್ಯತ್ಯಾಸ ಕಾಣುತ್ತದೆ. ವಾರಕ್ಕೆ ಅರ್ಧ ಕಿಲೋದಂತೆ ಎರಡು ತಿಂಗಳು ಹಿಡಿಯಿರಿ, ಮೂರಾದರೂ ಬೇಸರ ಬೇಡ.

ಪ್ರಶ್ನೆ: ನಾವು ಪೇಟೆಯ ರಿಫೈನ್ಡ್ ಎಣ್ಣೆ ಬಿಟ್ಟು ಗಾಣದ ಶೇಂಗಾ ಎಣ್ಣೆ ಬಳಸುತ್ತೇವೆ. ನಾಲ್ಕು ಜನಕ್ಕೆ ತಿಂಗಳಿಗೆ ಆರು ಲೀಟರ್ ಬೇಕಾಗುತ್ತದೆ. ಗಾಣದ ಎಣ್ಣೆಯಿಂದ ತೂಕ ಹೆಚ್ಚುವುದಿಲ್ಲ ಅನ್ನುವುದು ನಿಜವೇ? ಎಣ್ಣೆ ಕಡಿಮೆ ಹಾಕಿದರೆ ಎಣ್ಣೆಗಾಯಿ ತಳ ಹಿಡಿಯುತ್ತದೆ, ಏನು ಮಾಡಬೇಕು?
– ಶಿಕ್ಷಕಿ, ಬಾಗಲಕೋಟೆ

ಉತ್ತರ: ನಿಜವಲ್ಲ. ಗಾಣದ್ದಾಗಲಿ, ಪಾಕೀಟಿನದಾಗಲಿ, ತುಪ್ಪವೇ ಆಗಲಿ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ. ಗಾಣದ ಎಣ್ಣೆಯ ರುಚಿ, ಪರಿಮಳ ಬೇರೆ, ಲೆಕ್ಕ ಒಂದೇ.

ಆರು ಲೀಟರ್ ಅಂದರೆ ಸುಮಾರು 5,460 ಗ್ರಾಂ. ನಾಲ್ಕು ಜನ, 30 ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 45 ಗ್ರಾಂ, ಅಂದರೆ 400 ಕ್ಯಾಲರಿ ಬರೀ ಎಣ್ಣೆಯಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ದಿನದ ಊಟಕ್ಕೆ ಇಟ್ಟಿರುವ ಎಣ್ಣೆ-ತುಪ್ಪ 27 ಗ್ರಾಂ. ತೂಕ ಇಳಿಸುವವರು 15-20 ಗ್ರಾಂಗೆ, ಎಂದರೆ ಮೂರು-ನಾಲ್ಕು ಚಮಚಕ್ಕೆ ನಿಲ್ಲಬೇಕು. ತಿಂಗಳ ಮೊದಲ ದಿನ ಮೂರು ಲೀಟರ್ ಮಾತ್ರ ಅಡುಗೆಮನೆಗೆ ತನ್ನಿ, ಉಳಿದದ್ದು ಕಪಾಟಿನಲ್ಲಿರಲಿ. ಕ್ಯಾನಿನಿಂದ ನೇರ ಬಾಣಲಿಗೆ ಬಗ್ಗಿಸುವ ರೂಢಿ ಬಿಡಿ. ಒಂದು ಸಣ್ಣ ಬಟ್ಟಲಿಗೆ ದಿನದ ಎಣ್ಣೆ ಅಳೆದಿಟ್ಟುಕೊಂಡರೆ ಸಂಜೆಯ ಒಗ್ಗರಣೆಗೆ ಉಳಿದದ್ದು ಕಣ್ಣಿಗೆ ಕಾಣುತ್ತದೆ.

ಎಣ್ಣೆಗಾಯಿಗೆ ಬರೋಣ. ನಾಲ್ಕು ಜನಕ್ಕೆ ಎಂಟು ಎಳೆಯ ಮುಳ್ಳಗಾಯಿ, ಸುಮಾರು 400 ಗ್ರಾಂ. ತುಂಬುವ ಮಸಾಲೆಗೆ ಹುರಿದ ಶೇಂಗಾ ಪುಡಿ 30 ಗ್ರಾಂ, ಗುರೆಳ್ಳು ಪುಡಿ ಎರಡು ಚಮಚ, ಸಣ್ಣಗೆ ಹೆಚ್ಚಿದ ದೊಡ್ಡ ಉಳ್ಳಾಗಡ್ಡಿ ಒಂದು, ಬೆಳ್ಳುಳ್ಳಿ, ಮಸಾಲೆ ಖಾರ, ಹುಣಸೆ ರಸ, ಚಿಟಿಕೆ ಬೆಲ್ಲ, ಉಪ್ಪು. ಎಣ್ಣೆ ನಾಲ್ಕು ಚಮಚ. ತಳ ಹಿಡಿಯಲು ಕಾರಣ ಬದನೆಕಾಯಿಯಲ್ಲ, ಹೊರಗೆ ಉದುರುವ ಶೇಂಗಾ ಪುಡಿ. ಒಣ ಪುಡಿ ಬಿಸಿ ತಳಕ್ಕೆ ತಾಗಿದ ಕೂಡಲೇ ಸೀಯುತ್ತದೆ. ಆದ್ದರಿಂದ ಮಸಾಲೆಯನ್ನು ಹುಣಸೆ ರಸದಲ್ಲಿ ಒದ್ದೆಯಾಗಿ ಕಲಸಿ, ಒತ್ತಿ ತುಂಬಿ. ಮಿಕ್ಕಿದ ಮಸಾಲೆಯನ್ನು ಈಗಲೇ ಬಾಣಲಿಗೆ ಹಾಕಬೇಡಿ.

ದಪ್ಪ ತಳದ ಬಾಣಲಿಯಲ್ಲಿ ಸಾಸಿವೆ ಸಿಡಿಸಿ, ಕಾಯಿಗಳನ್ನು ಒಂದೇ ಪದರಾಗಿ ಜೋಡಿಸಿ, ಮೇಲೆ ತಾಟು ಮುಚ್ಚಿ ಆ ತಾಟಿನಲ್ಲಿ ಒಂದು ಲೋಟ ನೀರು ನಿಲ್ಲಿಸಿ. ಸಣ್ಣ ಉರಿ. ಆರೇಳು ನಿಮಿಷಕ್ಕೆ ಸಿಪ್ಪೆಯ ಬಣ್ಣ ಮಂಕಾಗುತ್ತದೆ, ಆಗ ಒಮ್ಮೆ ತಿರುವಿ. ತಾಟಿನ ಮೇಲೆ ಬಿಸಿಯಾದ ನೀರಿನಲ್ಲಿ ಅರ್ಧ ಬಟ್ಟಲನ್ನು ಅಂಚಿನಿಂದ ಬಿಟ್ಟು, ಉಳಿದ ಮಸಾಲೆ ಸೇರಿಸಿ ಮತ್ತೆ ಎಂಟು ನಿಮಿಷ ಮುಚ್ಚಿ. ತಣ್ಣೀರು ಹಾಕಿದರೆ ಬೇಯುವುದು ಅಲ್ಲಿಗೇ ನಿಂತು ಕಾಯಿ ಕಪ್ಪಾಗಿ ಗಟ್ಟಿ ಉಳಿಯುತ್ತದೆ. ಹೀಗೆ ಮಾಡಿದ್ದು ಒಬ್ಬರಿಗೆ ಸುಮಾರು 130 ಕ್ಯಾಲರಿ. ಒಂದು ಸೌಟು, ಅಂದರೆ 60 ಮಿ.ಲೀ. ಎಣ್ಣೆ, 80 ಗ್ರಾಂ ಶೇಂಗಾ ಹಾಕಿ ಮಾಡಿದ್ದು 290. ಮೇಲೆ ಎಣ್ಣೆ ತೇಲುವುದಿಲ್ಲ, ಅದೊಂದು ಕೊರತೆ ಒಪ್ಪಿಕೊಳ್ಳಬೇಕು.

ಪ್ರಶ್ನೆ: ಮಗ್ಗದ ಮುಂದ ಕುಂತ ಕೆಲಸ. ಊಟ ಕಮ್ಮೀನ ಐತ್ರಿ, ಆದ್ರ ಹೊಟ್ಟಿ ಮುಂದ ಬಂದೈತಿ. ದಿನಕ್ಕ ಆರೇಳು ಚಹಾ ಆಗ್ತಾವು. ಚಹಾ ಕುಡಿಯೂದ್ರಿಂದ ಏನಾರ ಆಗ್ತೈತೇನ್ರೀ?
– ನೇಕಾರ, ಗುಳೇದಗುಡ್ಡ

ಉತ್ತರ: ಚಹಾದಿಂದಲ್ಲ, ಅದರೊಳಗಿನ ಸಕ್ಕರೆಯಿಂದ. 100 ಮಿ.ಲೀ. ಕಪ್ಪಿನಲ್ಲಿ ಅರ್ಧ ಹಾಲು, ಎರಡು ಚಮಚ ಸಕ್ಕರೆ ಇದ್ದರೆ 75 ಕ್ಯಾಲರಿ. ಆರು ಕಪ್ಪಿಗೆ 450, ಅದರಲ್ಲಿ ಸಕ್ಕರೆ 60 ಗ್ರಾಂ. ಇದು ಎರಡೂವರೆ ರೊಟ್ಟಿಗೆ ಸಮ, ಆದರೆ ಹೊಟ್ಟೆ ತುಂಬಿಸುವುದಿಲ್ಲ. ಊಟ ಕಡಿಮೆಯಾಗಿರುವುದಕ್ಕೂ ಇದೇ ಕಾರಣ ಇರಬಹುದು. ಹಸಿವಾದಾಗಲೆಲ್ಲ ಚಹಾ ಬಂದರೆ ಹಸಿವು ಸಾಯುತ್ತದೆ. ಜೊತೆಗೆ ಎರಡು ಖಾರಿ ಅಥವಾ ಟೋಸ್ಟ್ ಅದ್ದಿಕೊಂಡರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ.

ಒಮ್ಮೆಲೇ ಸಕ್ಕರೆ ಬಿಟ್ಟವರು ಹತ್ತು ದಿನದಲ್ಲಿ ಮರಳುತ್ತಾರೆ. ನಿಧಾನಕ್ಕೆ ಇಳಿಸಿ. ಮೊದಲ ವಾರ ಒಂದೂವರೆ ಚಮಚ, ಎರಡನೆಯ ವಾರ ಒಂದು, ನಾಲ್ಕನೆಯ ವಾರಕ್ಕೆ ಅರ್ಧ. ನಾಲಿಗೆ ಅಷ್ಟರಲ್ಲಿ ಒಗ್ಗುತ್ತದೆ. ಅಂಗಡಿಯ ಚಹಾಕ್ಕೆ ಸಕ್ಕರೆ ಮೊದಲೇ ಬಿದ್ದಿರುತ್ತದೆ, ಆದ್ದರಿಂದ ಅಲ್ಲಿ ಕಪ್ಪು ಕಡಿಮೆ ಮಾಡುವುದೊಂದೇ ದಾರಿ. ದಿನಕ್ಕೆ ಮೂರು ಸಾಕು. ಊಟದ ಜೊತೆ ಮತ್ತು ಊಟವಾದ ಒಂದು ಗಂಟೆಯೊಳಗೆ ಚಹಾ ಬೇಡ, ಪಲ್ಲೆ-ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಅದು ಅಡ್ಡ ಬರುತ್ತದೆ.

ಹೊಟ್ಟೆಯ ಸುತ್ತಳತೆ ತೆಗೆದುಕೊಳ್ಳಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುಮಧ್ಯೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸುವ ಹೊತ್ತಾಯಿತು ಎಂದರ್ಥ. ಪ್ಯಾಂಟಿನ ಸೈಜು ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತೀರಿ. ಗಂಟೆಗೊಮ್ಮೆ ಮಗ್ಗದಿಂದ ಎದ್ದು ಐದು ನಿಮಿಷ ಓಡಾಡುವುದೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಕಡೆ ಅನ್ನವೇ ಊಟ. ತೂಕ ಇಳಿಯಬೇಕಾದರೆ ಜೋಳಕ್ಕೆ ಬದಲಾಯಿಸಬೇಕೆ?
– ರೈತ, ಖಾನಾಪುರ ತಾಲ್ಲೂಕು

ಉತ್ತರ: ಬೇಕಿಲ್ಲ. 60 ಗ್ರಾಂ ಅಕ್ಕಿಯ ಅನ್ನವೂ 60 ಗ್ರಾಂ ಹಿಟ್ಟಿನ ರೊಟ್ಟಿಯೂ 200 ಕ್ಯಾಲರಿಯ ಆಸುಪಾಸಿನಲ್ಲೇ ಇವೆ. ಅನ್ನದಲ್ಲಿ ನಾರು ಕಡಿಮೆ, ಅಗಿಯುವ ಕೆಲಸವೂ ಕಡಿಮೆ. ಹಾಗಾಗಿ ಬೇಗ ಒಳಗೆ ಹೋಗುತ್ತದೆ, ಸಾರು ಬಿದ್ದಷ್ಟೂ ಅನ್ನ ಬೀಳುತ್ತದೆ. ಹೊತ್ತಿಗೆ ಒಂದು ಬಟ್ಟಲು ಒತ್ತಿ ತುಂಬಿದ ಅನ್ನ, ಎರಡು ಬಟ್ಟಲು ಪಲ್ಯ-ಬೇಳೆ. ಅನ್ನ ಬಡಿಸುವ ಮೊದಲು ಪಲ್ಯ ಬಡಿಸಿಕೊಳ್ಳಿ, ಅಷ್ಟು ಸಾಕು.

ಪ್ರಶ್ನೆ: ನನಗೆ 48 ವರ್ಷ, 92 ಕಿಲೋ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಗುಳಿಗೆ ನಡೆದಿದೆ. ರಾತ್ರಿ ಊಟ ಪೂರ್ತಿ ಬಿಟ್ಟು ನೋಡಿದೆ, ಬೆಳಗಿನ ಜಾವ ಮೈಯೆಲ್ಲ ಬೆವೆತು ಕೈ ನಡುಗಿತು. ಡ್ಯೂಟಿಯಲ್ಲಿ ಬಸ್ ಸ್ಟ್ಯಾಂಡಿನ ತಿಂಡಿಯೇ ಗತಿ.
– ಬಸ್ ಚಾಲಕ, ಮುಧೋಳ

ಉತ್ತರ: ಆ ಬೆವರು, ನಡುಕ ಸಕ್ಕರೆ ವಿಪರೀತ ಇಳಿದದ್ದರ ಲಕ್ಷಣ. ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಊಟ ಬಿಟ್ಟು ಗುಳಿಗೆ ಮಾತ್ರ ನುಂಗಿದರೆ ಹೀಗಾಗುವುದೇ. ಸ್ಟೇರಿಂಗ್ ಹಿಡಿದಾಗ ಆದರೆ ಬಸ್ಸಿನಲ್ಲಿದ್ದವರೆಲ್ಲರಿಗೂ ಅಪಾಯ. ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕಂಡು ಗುಳಿಗೆಯ ಪ್ರಮಾಣ ಬದಲಿಸಿಕೊಳ್ಳಬೇಕು, ನೀವೇ ಕಡಿಮೆ ಮಾಡಿಕೊಳ್ಳುವುದೂ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಅಂಗಿಯ ಕಿಸೆಯಲ್ಲಿ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಇರಲಿ. ನಡುಕ ಬಂದರೆ ಗಾಡಿ ಬದಿಗೆ ನಿಲ್ಲಿಸಿ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಕಾದು ಮತ್ತೆ ನೋಡಿ. ನಡುಕ ಇಳಿಯದಿದ್ದರೆ ಇನ್ನೊಮ್ಮೆ. ಸುಧಾರಿಸಿದ ಮೇಲೆ ಏನಾದರೂ ತಿನ್ನಲೇಬೇಕು.

ನಿಲ್ದಾಣದಲ್ಲಿ ಸಿಗುವುದರಲ್ಲಿ ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರು ಉತ್ತಮ. ಪೂರಿ, ವಡೆ, ಮಿರ್ಚಿ ಭಜಿ ಬೇಡ. ದೊಡ್ಡ ಮಿರ್ಚಿ ಭಜಿ ಒಂದಕ್ಕೇ ಗಾತ್ರ ನೋಡಿ 100ರಿಂದ 150 ಕ್ಯಾಲರಿ, ಮತ್ತು ಯಾರೂ ಒಂದಕ್ಕೆ ನಿಲ್ಲಿಸಿದ್ದು ನೋಡಿಲ್ಲ. ಗಿರ್ಮಿಟ್ ಅಷ್ಟು ಕೆಟ್ಟದ್ದಲ್ಲ. ಚುರುಮುರಿ ಹಗುರ, ಪುಟಾಣಿ ಪುಡಿಯಲ್ಲಿ ಪ್ರೋಟೀನಿದೆ, ಹಸಿ ಉಳ್ಳಾಗಡ್ಡಿ-ಟೊಮ್ಯಾಟೊ ಇನ್ನಷ್ಟು ಹಾಕಿಸಿಕೊಳ್ಳಬಹುದು. ಪಕ್ಕದಲ್ಲಿ ಭಜಿ ಇಡುವುದೇ ಅದರ ಮೇಲಿನ ಆಪಾದನೆಗೆ ಕಾರಣ. ಆದರೆ ಚುರುಮುರಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಆದ್ದರಿಂದ ನಿಮಗೆ ಅರ್ಧ ಪ್ಲೇಟು, ಅದೂ ಒಂದು ಹಿಡಿ ಕುದಿಸಿದ ಶೇಂಗಾ ಅಥವಾ ಎರಡು ಕುದಿಸಿದ ಮೊಟ್ಟೆಯ ಜೊತೆಗೆ. ಎಲ್ಲಕ್ಕಿಂತ ಒಳ್ಳೆಯದು ಮನೆಯ ಬುತ್ತಿ. ಮೂರು ಖಡಕ್ ರೊಟ್ಟಿ, ಒಣ ಕಾಳುಪಲ್ಲೆ, ಸವತಿಕಾಯಿ. ಬೇಸಿಗೆಯಲ್ಲಿಯೂ ಮಧ್ಯಾಹ್ನದವರೆಗೆ ಕೆಡಬಾರದೆಂದರೆ ಕಾಳುಪಲ್ಲೆಗೆ ಹಸಿ ಕೊಬ್ಬರಿ ಹಾಕಬೇಡಿ, ಪೂರ್ತಿ ಆರಿದ ಮೇಲೆ ಡಬ್ಬಿ ಮುಚ್ಚಿ. ಬಿಸಿ ಇರುವಾಗ ಮುಚ್ಚಿದರೆ ಬೆವತ ನೀರಿಗೆ ಬೇಗ ಹುಳಿಯುತ್ತದೆ.

ಸೆಖೆಗೆ ಕುಡಿಯುವ ಕಬ್ಬಿನ ಹಾಲು ಒಂದು ಲೋಟಕ್ಕೆ ಕಡಿಮೆಯೆಂದರೂ 30 ಗ್ರಾಂ ಸಕ್ಕರೆ ಇರುತ್ತದೆ. ನಿಮಗೆ ಅದು ಪೂರ್ತಿ ವರ್ಜ್ಯ. ಉಪ್ಪು ಹಾಕಿದ ಲಿಂಬೆ ಸೋಡಾ, ಮಜ್ಜಿಗೆ ನಡೆಯುತ್ತದೆ. ರಕ್ತದೊತ್ತಡವೂ ಇದ್ದರೆ ಉಪ್ಪಿಲ್ಲದೆ.

ಪ್ರಶ್ನೆ: ನಾವು ಲಿಂಗಾಯತರು, ಮೊಟ್ಟೆ-ಮಾಂಸ ಇಲ್ಲ. ಜಿಮ್‌ನಲ್ಲಿ 2,500 ರೂಪಾಯಿಯ ಪ್ರೋಟೀನ್ ಡಬ್ಬಿ ತಗೊಳ್ಳಲೇಬೇಕು ಅನ್ನುತ್ತಿದ್ದಾರೆ. ತೂಕ 65 ಕಿಲೋ.
– ಪದವಿ ವಿದ್ಯಾರ್ಥಿ, ವಿಜಯಪುರ

ಉತ್ತರ: ಕೊಳ್ಳಲೇಬೇಕೆಂದಿಲ್ಲ. ಸಾಮಾನ್ಯ ಅಗತ್ಯ ಕಿಲೋ ತೂಕಕ್ಕೆ 0.83 ಗ್ರಾಂ. ತೂಕ ಇಳಿಸುವಾಗ ಸ್ನಾಯು ಕರಗದಿರಲೆಂದು 1 ಗ್ರಾಂ ಹಿಡಿಯೋಣ. ನಿಮಗೆ ದಿನಕ್ಕೆ 65 ಗ್ರಾಂ. 180 ಗ್ರಾಂ ಜೋಳದ ಹಿಟ್ಟಿನಿಂದ 18, ಮಡಿಕೆ ಕಾಳು 40 ಗ್ರಾಂನಿಂದ 9, ತೊಗರಿ ಬೇಳೆ 30 ಗ್ರಾಂನಿಂದ 6-7, ಹಾಲು-ಮೊಸರು 300 ಮಿ.ಲೀ.ನಿಂದ 9-10, ಪುಟಾಣಿ 25 ಗ್ರಾಂನಿಂದ 5, ಸೋಯಾ ಚಂಕ್ಸ್ 30 ಗ್ರಾಂನಿಂದ 15. ಕೂಡಿಸಿ ನೋಡಿ, ಹತ್ತಿರಹತ್ತಿರ ಮುಟ್ಟುತ್ತದೆ. ಸೋಯಾ ಒಗ್ಗದಿದ್ದರೆ 80 ಗ್ರಾಂ ಪನೀರು, ಆದರೆ ಅದರ ಕೊಬ್ಬಿಗೆ ಎಣ್ಣೆಯಲ್ಲಿ ಕಡಿತ ಮಾಡಬೇಕು. ನಮ್ಮ ಮನೆಗಳಲ್ಲಿ ಆಗುವ ತಪ್ಪು ಒಂದೇ, ನಾಲ್ಕು ಜನಕ್ಕೆ ಒಂದು ಹಿಡಿ ಬೇಳೆಯ ತಿಳಿ ಸಾರು ಮಾಡಿ ಬೇಳೆ ಉಂಡೆವು ಎಂದುಕೊಳ್ಳುವುದು. ಕಟ್ಟಿನ ಸಾರು ರುಚಿಗೆ ಸರಿ, ಪ್ರೋಟೀನಿಗೆ ಅಲ್ಲ.

ಮಡಿಕೆ ಕಾಳು ಮೊಳಕೆ ಬರಿಸುವಾಗ ವಾಸನೆ ಬರುತ್ತದೆ ಎಂದೂ ಕೇಳಿದ್ದೀರಿ. ಎಂಟು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟು ಆಮೇಲೆ ಬಟ್ಟೆಯಲ್ಲಿ ಕಟ್ಟಿ. ನೀರು ನಿಂತ ಕಾಳೇ ಲೋಳೆಯಾಗಿ ಹುಳಿ ನಾರುತ್ತದೆ. ವಿಜಯಪುರದ ಬೇಸಿಗೆಗೆ 10-12 ಗಂಟೆಯಲ್ಲಿ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಒಂದು ದಿನ ಬೇಕು. ಗಂಟನ್ನು ಬಿಗಿದು ಡಬ್ಬಿಯಲ್ಲಿಟ್ಟು ಮುಚ್ಚಬೇಡಿ, ಗಾಳಿ ಆಡಬೇಕು. ಹಸಿಯಾಗಿ ತಿನ್ನುವುದಕ್ಕಿಂತ ಐದು ನಿಮಿಷ ಹಬೆಯಲ್ಲಿ ಬೇಯಿಸಿ ತಿಂದರೆ ಹೊಟ್ಟೆ ಉಬ್ಬರ ಕಡಿಮೆ.

ಪ್ರಶ್ನೆ: ಖಾಲಿ ಹೊಟ್ಟೆಗೆ ಬಿಸಿನೀರು, ಲಿಂಬೆ, ಬೆಲ್ಲ ಹಾಕಿ ಕುಡಿದರೆ ಕೊಬ್ಬು ಕರಗುತ್ತದೆಯೇ? ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೇವೆ.
– ವ್ಯಾಪಾರಿ, ಮಹಾಲಿಂಗಪುರ

ಉತ್ತರ: ಕರಗುವುದಿಲ್ಲ. ಬೆಲ್ಲಕ್ಕೆ ಹೆಸರಾದ ಊರಿನವರಿಗೆ ಹೇಳಲು ಸಂಕೋಚವಾದರೂ, 100 ಗ್ರಾಂ ಸಕ್ಕರೆಗೆ 400 ಕ್ಯಾಲರಿಯಾದರೆ ಬೆಲ್ಲಕ್ಕೆ 350-380. ಸಕ್ಕರೆ ಕಾಯಿಲೆಯವರಿಗಂತೂ ಎರಡೂ ಒಂದೇ. ಬೆಲ್ಲವೆಂದು ನೆಮ್ಮದಿಯಿಂದ ಎರಡರಷ್ಟು ಹಾಕುವವರ ತೂಕ ಏರಿದ್ದೇ ಹೆಚ್ಚು. ಜೇನೂ ಹಾಗೆಯೇ. ಬಿಸಿನೀರು ಕುಡಿಯಿರಿ, ತೊಂದರೆಯಿಲ್ಲ. ಲಿಂಬೆಯನ್ನು ಉಳಿಸಿಕೊಂಡು ಊಟದಲ್ಲಿ ಪಲ್ಲೆಯ ಮೇಲೆ ಹಿಂಡಿಕೊಳ್ಳಿ. ಅದರ ಸಿ ಜೀವಸತ್ವ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಇಂಡಿ ತಾಲ್ಲೂಕಿನ ಲಿಂಬೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇಕೆ?

ಪ್ರಶ್ನೆ: ದ್ರಾಕ್ಷಿ ತಿಂದರೆ ದಪ್ಪ ಆಗುತ್ತೇವೆ, ಒಣದ್ರಾಕ್ಷಿ ಒಳ್ಳೆಯದು ಎನ್ನುತ್ತಾರೆ.
– ತಿಕೋಟಾ

ಉತ್ತರ: ಉಲ್ಟಾ. 100 ಗ್ರಾಂ ಹಸಿ ದ್ರಾಕ್ಷಿಗೆ 65-70 ಕ್ಯಾಲರಿ, ಒಣದ್ರಾಕ್ಷಿಗೆ 300ರ ಹತ್ತಿರ. ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋ ಹಸಿ ಹಣ್ಣು ಬೇಕೆಂಬುದು ಬೆಳೆಗಾರರಾದ ನಿಮಗೇ ಗೊತ್ತು, ಸಕ್ಕರೆಯೂ ಅದೇ ಲೆಕ್ಕದಲ್ಲಿ ಗಟ್ಟಿಯಾಗುತ್ತದೆ. 15-20 ಹಸಿ ಹಣ್ಣು ತಿನ್ನಿ. ಒಣದ್ರಾಕ್ಷಿಯಾದರೆ ಒಂದು ಚಮಚ.

ಪ್ರಶ್ನೆ: ಸೋಮವಾರ, ಏಕಾದಶಿ ಎರಡೂ ಉಪವಾಸ ಮಾಡ್ತೀನ್ರಿ. ಆದ್ರೂ ತೂಕ ಇಳಿಯಾಂಗಿಲ್ಲ. ಉಪವಾಸಕ್ಕ ಸಾಬೂದಾನಿ ಖಿಚಡಿ ಅಷ್ಟ ತಿಂತೀನಿ.
– ಶಹಾಪುರ, ಬೆಳಗಾವಿ

ಉತ್ತರ: ಆ 'ಅಷ್ಟ'ವನ್ನು ಬಿಡಿಸಿ ನೋಡೋಣ. 60 ಗ್ರಾಂ ಸಾಬೂದಾನಿ 210 ಕ್ಯಾಲರಿ, 30 ಗ್ರಾಂ ಶೇಂಗಾ ಪುಡಿ 165, ಮೂರು ಚಮಚ ತುಪ್ಪ ಅಥವಾ ಎಣ್ಣೆ 135, ಒಂದು ಬಟಾಟೆ 70. ಒಂದು ಪ್ಲೇಟಿಗೆ 580 ಆಯಿತು. ಸಾಬೂದಾನಿಯಲ್ಲಿ ಪಿಷ್ಟ ಬಿಟ್ಟರೆ ಪ್ರೋಟೀನೂ ಇಲ್ಲ, ನಾರೂ ಇಲ್ಲ, ಅದಕ್ಕೆ ಸಂಜೆಗೆ ಮತ್ತೊಂದು ಪ್ಲೇಟು ಬೇಕಾಗುತ್ತದೆ. ಉಪವಾಸದ ಕಟ್ಟಳೆ ಮುರಿಯದೆಯೇ ಬದಲಾಯಿಸಬಹುದು. ಕುದಿಸಿದ ಗೆಣಸು ಒಂದು, ಒಂದು ಹಿಡಿ ಕುದಿಸಿದ ಶೇಂಗಾ, ಎರಡು ಬಟ್ಟಲು ಮೊಸರು, ಪೇರಲ ಹಣ್ಣು. ಖಿಚಡಿ ಬೇಕೇ ಬೇಕೆಂದರೆ ಸಾಬೂದಾನಿ 30 ಗ್ರಾಂಗೆ ಇಳಿಸಿ, ತುರಿದ ಸವತಿಕಾಯಿ ಕೊನೆಯಲ್ಲಿ ಸೇರಿಸಿ ಮೊಸರಿನ ಜೊತೆ ತಿನ್ನಿ. ಮರುದಿನದ ಪಾರಣೆಯ ಊಟಕ್ಕೆ ಕುಂದಾ ತರುವ ರೂಢಿ ನಿಮ್ಮ ಮನೆಯಲ್ಲೂ ಇದ್ದರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಮೊದಲ ಹತ್ತು ದಿನದಲ್ಲಿ ಮೂರು ಕಿಲೋ ಇಳಿಯಿತು. ಆಮೇಲೆ ತಿಂಗಳಾದರೂ ಮುಳ್ಳು ಅಲುಗುತ್ತಿಲ್ಲ. ಎಲ್ಲ ಬಿಟ್ಟುಬಿಡೋಣ ಎನ್ನಿಸಿದೆ.
– ಬ್ಯಾಂಕ್ ಉದ್ಯೋಗಿ, ಗೋಕಾಕ

ಉತ್ತರ: ಮೊದಲ ಮೂರು ಕಿಲೋದಲ್ಲಿ ಬಹುಪಾಲು ನೀರು. ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗುವಾಗ ಅದರ ಮೂರು ಪಟ್ಟು ನೀರನ್ನೂ ಕರೆದುಕೊಂಡು ಹೊರಡುತ್ತದೆ. ಕೊಬ್ಬು ಆ ವೇಗದಲ್ಲಿ ಹೋಗುವುದಿಲ್ಲ, ಹೋಗಬೇಕೆಂದು ಕಾಯುವುದೇ ನಿರಾಸೆಗೆ ಮೂಲ.

ತೂಗುವ ಬಗೆ ಸರಿಪಡಿಸಿಕೊಳ್ಳಿ. ಮುಂಜಾನೆ ಶೌಚವಾದ ಮೇಲೆ, ನೀರು-ಚಹಾ ಕುಡಿಯುವ ಮೊದಲು, ಅದೇ ಬಟ್ಟೆಯಲ್ಲಿ, ಕಲ್ಲಿನ ನೆಲದ ಮೇಲೆ. ಜಮಖಾನೆಯ ಮೇಲಿಟ್ಟ ಯಂತ್ರ ಸುಳ್ಳು ಹೇಳುತ್ತದೆ. ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ. ಹಿಂದಿನ ದಿನ ಹಪ್ಪಳ-ಉಪ್ಪಿನಕಾಯಿ ಹೆಚ್ಚಾದರೆ, ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ, ಒಂದು ಕಿಲೋ ನೀರು ನಿಲ್ಲುವುದು ಮಾಮೂಲು.

ನಾಲ್ಕು ವಾರದ ಸರಾಸರಿಯೂ ಅಲುಗದಿದ್ದರೆ ಎರಡು ಕಡೆ ಹುಡುಕಿ. ಒಂದು, ರವಿವಾರ. ಐದು ದಿನ ತಲಾ 400 ಕ್ಯಾಲರಿ ಉಳಿಸಿದ್ದು 2,000. ಲಗ್ನದ ಊಟದಲ್ಲಿ ಮೂರು ಶೇಂಗಾ ಹೋಳಿಗೆ, ತುಪ್ಪ, ಬಾಸುಂದಿ, ಸಂಜೆ ಎರಡು ತುಂಡು ಕರದಂಟು ಸೇರಿದರೆ ಅದರ ಬಹುಭಾಗ ಒಂದೇ ದಿನಕ್ಕೆ ವಾಪಸು ಬರುತ್ತದೆ. ಒಂದು 60 ಗ್ರಾಂ ಶೇಂಗಾ ಹೋಳಿಗೆಗೇ ಸುಮಾರು 250. ಲಗ್ನಕ್ಕೆ ಹೋಗಿ, ಒಂದೇ ಹೋಳಿಗೆ ಹಾಕಿಸಿಕೊಂಡು ಕೋಸಂಬರಿ, ಪಲ್ಲೆ ಇನ್ನೊಮ್ಮೆ ಕೇಳಿ. ಕರದಂಟು ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲದಲ್ಲಿ ಒಣಹಣ್ಣು ಕಟ್ಟಿದ್ದು. ಸತ್ವವಿದೆ, ಹಾಗೆಂದು ಅದು ತೂಕ ಇಳಿಸುವವರ ತಿಂಡಿಯಲ್ಲ. ನಿಮ್ಮ ಊರಿನಲ್ಲಿ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟವೆಂದು ಗೊತ್ತು, ವಾರಕ್ಕೊಂದು ತುಂಡು ಇರಲಿ. ಎರಡು, ಸಡಿಲವಾದ ಅಳತೆ. ಮೊದಲ ವಾರ ಸವರಿ ಅಳೆದ ಹಿಂಡಿಯ ಚಮಚ ಐದನೆಯ ವಾರಕ್ಕೆ ಗೋಪುರವಾಗಿರುತ್ತದೆ. ಮೂರು ದಿನ ಎಲ್ಲವನ್ನೂ ಮತ್ತೆ ತೂಗಿ ಬರೆದಿಡಿ.

ಥೈರಾಯ್ಡ್ ಗುಳಿಗೆ ನಡೆದಿದೆ ಎಂದೂ ಬರೆದಿದ್ದೀರಿ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಚಹಾ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಚಹಾದ ಜೊತೆಯೇ ನುಂಗಿದರೆ ಔಷಧ ಪೂರ್ತಿ ಮೈಗೆ ಹತ್ತುವುದಿಲ್ಲ.

ಪ್ರಶ್ನೆ: ಹೆರಿಗೆಯಾಗಿ ನಾಲ್ಕು ತಿಂಗಳು. ಮಗುವಿಗೆ ಎದೆಹಾಲೇ. 12 ಕಿಲೋ ಹೆಚ್ಚಾಗಿದೆ. ರಾತ್ರಿ ಊಟ ಬಿಡಲೇ?
– ಮುದ್ದೇಬಿಹಾಳ

ಉತ್ತರ: ಬೇಡ ತಾಯಿ. ಮೊದಲ ಆರು ತಿಂಗಳು ಹಾಲೂಡಿಸುವವರಿಗೆ ದಿನಕ್ಕೆ 600 ಕ್ಯಾಲರಿ ಹೆಚ್ಚುವರಿ ಬೇಕು. ಅದರಲ್ಲಿ ಕತ್ತರಿ ಆಡಿಸುವ ಹೊತ್ತು ಇದಲ್ಲ. ಆದರೆ ಬಾಣಂತಿಗೆಂದು ದಿನಕ್ಕೆ ನಾಲ್ಕು ಅಂಟಿನುಂಡಿ ಕೊಡುತ್ತಿದ್ದರೆ ಒಂದಕ್ಕೆ ಇಳಿಸಿ, ಅನ್ನದ ಮೇಲೆ ತುಪ್ಪ ಎರಡು ಚಮಚಕ್ಕೆ ನಿಲ್ಲಿಸಿ. ಬಾಣಂತಿಗೆ ಸೊಪ್ಪು, ಕಾಯಿಪಲ್ಲೆ, ನೀರು ಆಗದು ಎನ್ನುವ ಮಾತು ಕೇಳಬೇಡಿ, ಮೂರೂ ಬೇಕು. ಸಬ್ಬಸಿಗೆ, ಮೆಂತೆ ಪಲ್ಲೆ, ಹೆಸರುಬೇಳೆ, ಹಾಲು ಧಾರಾಳವಾಗಿ ತಿನ್ನಿ. ವೈದ್ಯರು ಒಪ್ಪಿದ್ದರೆ ಸಂಜೆ ಅರ್ಧ ಗಂಟೆ ನಡೆಯಿರಿ. ಮಗು ಆರು ತಿಂಗಳಿಗೆ ಮೇಲಾಹಾರ ಶುರು ಮಾಡಿದ ಮೇಲೆ ಮತ್ತೆ ಬರೆಯಿರಿ, ಆಗಿನ ತೂಕ ನೋಡಿ ಊಟದ ಅಳತೆ ಹೇಳುತ್ತೇವೆ.